ಬೋರೇಶ ಸೈಟು ಸಾಗಿಸಿದ್ದು

ಕೇಳ್ರಪ್ಪಾ, ಪೆದ್ದರಲ್ಲೂ ದರ್ಜೆ ಇರ್ತದೆ. ಮಳವಳ್ಳಿ ಚಿಕ್ಕತಾಯಮ್ಮನ ಮಗ ಬೋರೇಶ ಇದ್ನಲ್ಲ, ಅವನು ಫಸ್ಟ್ ಕ್ಲಾಸು! ಹೇಳಿದ್ದಷ್ಟನ್ನೂ ಮಾಡೋನು. ಅದೇ ಅವನ ರೋಗ.

ಚಿಕ್ಕತಾಯಮ್ಮಂದು ಹಪ್ಪಳದ ವ್ಯಾಪಾರ, ಅದಕ್ಕೊಂದು ವೆಬ್‌ಸೈಟು. ಪುಟ ಬರೆದು ಕೊಟ್ರೆ ಸೈಟನ್ನ ತಾನೇ ಕಟ್ಟಿಕೊಡೋ ಸಾಫ್ಟ್‌ವೇರ್ ಒಂದಿತ್ತು. ಅದರ ಹಳೇ ವರ್ಷನ್ ಇನ್ನು ನಡೆಯಲ್ಲ, ಹೊಸದಕ್ಕೆ ಹೋಗಿ ಅಂತ ಸುದ್ದಿ ಬಂತು. ಬಂದಿದ್ದು ಯಾವಾಗ? ಮದುವೆ ಅಡುಗೆ ಕಂಟ್ರಾಕ್ಟರ್ ರಾಮಶೇಷಯ್ಯ, "ಸೋಮವಾರ ನಿಮ್ಮ ಸೈಟ್ ನೋಡ್ತೀನಮ್ಮ, ಹಿಡಿಸಿದ್ರೆ ಈ ಸೀಸನ್ ಹಪ್ಪಳ ಪೂರ್ತಿ ನಿಮ್ಮದೇ" ಅಂದಿದ್ದಾಗ! ಆ ಆರ್ಡರ್ ಸಿಕ್ಕಿದ್ರೆ ಚಿಕ್ಕತಾಯಮ್ಮ ಸಂತೆ ಸಂತೆಗೂ ಹಪ್ಪಳ ಹೊರೋದು ತಪ್ತಿತ್ತು.

"ಹುಷಾರು ಕಣ್ಲಾ! ಹಳೇದ್ರಲ್ಲಿ ಇರೋದು ಒಂದೂ ಬಿಡದಂಗೆ ಹೊಸದಕ್ಕೆ ಸಾಗಿಸು!"

"ಆಗ್ಲಿ ಕಣವ್ವ!"

ಒಂದೂ ಬಿಡಲಿಲ್ಲ. ಹಳೇ ಸಾಫ್ಟ್‌ವೇರನ್ನೂ ತಂದು ಹೊಸದರ ಮೇಲೆ ಸುರಿದ. ಹೊಸದು ಹೋಗಿ ಹಳೇದೇ ಕೂತ್ಕೊಂತು!

"ಅಯ್ಯೋ ನಿನ್ನ ಮನೆ ಕಾಯೋಗ! ಮನೆ ಬದಲಾಯಿಸೋರು ಪಾತ್ರೆ ತಗೊಂಡು ಹೋಗ್ತಾರೋ, ಗೋಡೆ ಕಿತ್ಕೊಂಡು ಹೋಗ್ತಾರೋ? ಹಳೇದು ಒಂದೂ ಇರಬಾರದು ಕಣ್ಲಾ, ಒಂದೂ!"

"ಆಗ್ಲಿ ಕಣವ್ವ!"

ಹೊಸದನ್ನ ಮತ್ತೆ ಹಾಕಿದ, ಹಳೇದನ್ನ ಅಳಿಸಿದ. ಅಳಿಸಿದ, ಅಳಿಸಿದ, ಹಪ್ಪಳದ ಪುಟಾನೂ ಅಳಿಸಿದ! ಸೈಟು ತೆಗೆದ್ರೆ ಬರೀ ಬಿಳಿ.

"ನನ್ನ ಹಪ್ಪಳ ಎಲ್ಲೋ?"

"ಅವೂ ಹಳೇವೇ ಅಲ್ವೇನವ್ವ?"

ನಗಬೇಡಿ, ಸೋಮವಾರ ಹತ್ರ ಬರ್ತಿತ್ತು. ಪುಣ್ಯಕ್ಕೆ ಪೆನ್‌ಡ್ರೈವಲ್ಲಿ ಒಂದು ಕಾಪಿ ಇತ್ತು. ಪುಟಗಳನ್ನ ಮತ್ತೆ ತುಂಬಿದ್ರೆ, ಕಂಪ್ಯೂಟರ್ ತುಂಬ ಕೆಂಪು ಕೆಂಪು ಸಾಲು.

"ಕೆಂಪಗೆ ಕಾಣೋದೆಲ್ಲ ತಪ್ಪು ಕಣ್ಲಾ ಮಂಕೆ! ಕೆಂಪಗಿರೋದು ಒಂದೂ ಉಳೀಬಾರದು!"

"ಆಗ್ಲಿ ಕಣವ್ವ!"

ಕೆಂಪು ಸಾಲುಗಳನ್ನೇನೋ ಸರಿಮಾಡಿದ, ಮಹಾನುಭಾವ. ಅಷ್ಟಕ್ಕೇ ನಿಲ್ಲಿಸ್ತಾನಾ? ಫೋಟೋಗಳಿಗೆ ಕೈ ಹಾಕಿದ. ಒಣಮೆಣಸಿನಕಾಯಿ ಕೆಂಪು, ತೆಗೆದ. ಬೀಟ್ರೂಟ್ ಹಪ್ಪಳ ಕೆಂಪು, ತೆಗೆದ. ಮೊದಲನೇ ಪುಟದಲ್ಲಿ ಅವ್ವನ ಫೋಟೋ, ಹಣೇಲಿ ಕಾಸಗಲ ಕುಂಕುಮ. ಅದನ್ನೂ ಒರೆಸಿ ಹಾಕ್ದ!

ಬೆಳಗಾಗ್ತಿದ್ದಂಗೆ ಫೋನು! "ಚಿಕ್ಕತಾಯಮ್ಮಾ, ಯಜಮಾನ್ರು ಯಾವಾಗ ಹೋದ್ರವ್ವ? ಒಂದು ಮಾತು ತಿಳಿಸಬಾರದಾ?" ಇನ್ನೊಬ್ಬಳು ಫೋನಲ್ಲೇ ಗೊಳೋ ಅಂತ ಅತ್ಲು. ಚಿಕ್ಕತಾಯಮ್ಮನ ಗಂಡ ಚೆಲುವಯ್ಯ ನೋಡಿದ್ರೆ ಜಗಲಿ ಮೇಲೆ ಕೂತು ಮುದ್ದೆ ನುಂಗ್ತಾವ್ನೆ!

ಚಿಕ್ಕತಾಯಮ್ಮ ಕೈಗೆ ಸಿಕ್ಕ ಲಟ್ಟಣಿಗೆ ಎತ್ಕೊಂಡ್ಲು. "ಹೆತ್ತವಳ ಕುಂಕುಮ ಅಳಿಸಿದ್ಯೇನೋ ಪಾಪಿ! ನಿಮ್ಮಪ್ಪ ಬದುಕವ್ರೆ ಅಂತ ಊರಿಗೆಲ್ಲ ಗೊತ್ತಾಗ್ಬೇಕು! ಯಾವ ಪುಟ ತೆಗೆದ್ರೂ ಅವರ ಮುಖ ಕಾಣಬೇಕು, ಅವರ ಹೆಸರೇ ಇರಬೇಕು!"

"ಆಗ್ಲಿ ಕಣವ್ವ!"

ಸೋಮವಾರ ಬಂತು. ರಾಮಶೇಷಯ್ಯನ ಫೋನೂ ಬಂತು.

"ಏನಮ್ಮಾ ಇದು ನಿಮ್ಮ ಸೈಟು? ಉದ್ದಿನ ಚೆಲುವಯ್ಯ, ಹಲಸಿನ ಚೆಲುವಯ್ಯ, ಜೀರಿಗೆ ಚೆಲುವಯ್ಯ ಅಂತಿದೆ! ಒಂದೊಂದಕ್ಕೂ ಯಾರೋ ಮೀಸೆ ಹೊತ್ತ ಗಂಡಸಿನ ಫೋಟೋ! 'ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಚೆಲುವಯ್ಯ, ಕಾದ ಎಣ್ಣೆಗೆ ಬಿಟ್ಟರೆ ಗರಿಗರಿ' ಅಂತ ಬೇರೆ ಬರೆದಿದ್ದೀರಿ! ಮದುವೆ ಮನೇಲಿ ಎಲೆಗೆ ಏನು ಬಡಿಸಲಿ ತಾಯಿ ನಾನು? ಬೇಡ, ಬೇರೆ ಕಡೆ ಹೇಳಿಬಿಟ್ಟೆ."

ಫೋನ್ ಇಟ್ಟೇಬಿಟ್ರು. ಚಿಕ್ಕತಾಯಮ್ಮ ಹಪ್ಪಳದ ಹಿಟ್ಟಿನ ಮುಂದೆ ಹಂಗೇ ಕುಸಿದು ಕೂತ್ಲು.

ಬೈಗುಳ ಇಲ್ಲದ್ದು ನೋಡಿ, ಅವ್ವನಿಗೆ ಸಂತೋಷ ಆಗೈತೆ ಅಂದ್ಕೊಂಡ ನಮ್ಮ ಬೋರೇಶ. ಹತ್ರ ಬಂದು ಹಲ್ಲು ಕಿರಿದ.

"ನೋಡವ್ವ, ಹೊಸ ವರ್ಷನ್ನು! ಒಂದೇ ಒಂದು ಕೆಂಪು ಸಾಲಿಲ್ಲ!"