ಅನ್ನದಲ್ಲಿ ನೀವಿದ್ದೀರಿ

"ಗುರುಗಳೇ, ಹೊಂದದ ಇಬ್ಬರು ಒಂದು ಸೂರಿನಡಿ ಬಾಳಬಹುದೇ?" ಎಂದು ಮಾದಯ್ಯ ಕೇಳಿದ. ಮದುವೆಯಾಗಿ ಅವನಿಗಿನ್ನೂ ವರ್ಷ ತುಂಬಿರಲಿಲ್ಲ. "ನಾನು ಏತಿ ಎಂದರೆ ಅವಳು ಪ್ರೇತಿ ಎನ್ನುತ್ತಾಳೆ. ಅವಳು ತವರಿಗೆ ಹೋಗಿ ತಿಂಗಳಾಯಿತು. ಅವಳನ್ನು ಬಿಟ್ಟು ನಿಮ್ಮ ಮಠದಲ್ಲೇ ಇದ್ದುಬಿಡಲೇ?"

"ಮಠದಲ್ಲಿ ಜಾಗವೇನೋ ಇದೆ. ಮೊದಲು ಈ ಕತೆ ಕೇಳು" ಎಂದರು ಗುರುಗಳು.

ಒಬ್ಬ ಕಲ್ಲುಕುಟಿಗನಿದ್ದ. ಹೆಸರು ಕಲ್ಲಪ್ಪ. ಅವನ ಕೈಹಿಡಿದವಳು ಗಂಡನ ಹೆಸರು ಹೇಳಬಾರದೆಂಬ ನೇಮದ ಮನೆಯಿಂದ ಬಂದವಳು. ಹೆಸರು ಹೇಳಬಾರದು ಎಂದರೆ ಅದರೊಳಗಿನ ಕಲ್ಲನ್ನೂ ಹೇಳಬಾರದು. ಗ್ರಹಚಾರ ನೋಡು, ಅಂಗಳದ ತುಂಬ ಕಲ್ಲು, ಬಾಯಲ್ಲಿ ಮಾತ್ರ ಕಲ್ಲು ಎನ್ನುವಂತಿಲ್ಲ. ಅವಳು ಕಲ್ಲಿಗೆ 'ಗಟ್ಟಿಯದು' ಎಂದು ಹೆಸರಿಟ್ಟಳು. ಯಾರೋ ಬಂದು ಬೀಸುಕಲ್ಲು ಬೇಕೆಂದು ಹೇಳಿಹೋದರು. 'ಗುಂಡಗಿನ ಗಟ್ಟಿಯದು ಬೇಕಂತೆ' ಎಂದು ಅವಳು ಗಂಡನಿಗೆ ತಿಳಿಸಿದಳು. ಅವನು ವಾರವೆಲ್ಲ ಕೂತು ಒರಳು ಕಡೆದಿಟ್ಟ. ಬೇಡಿದವರು ಬೇರೆಯವನ ಹತ್ತಿರ ಹೋದರು.

ಅವಳು ಚುರುಕು, ಅವನು ನಿಧಾನಿ. ಅವಳ ಮಾತಿನೊಳಗಿನ ಮಾತು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಬಡಿಸುವಾಗ ಅವನ ತಟ್ಟೆಯಲ್ಲಿ ಅವಳಿಗೆ ಒಂದು ಕಲ್ಲು ಕಂಡಿತು. ಕಲ್ಲು ಎನ್ನುವಂತಿಲ್ಲವಲ್ಲ. 'ಅನ್ನದಲ್ಲಿ ನೀವಿದ್ದೀರಿ, ನೋಡಿಕೊಂಡು ಉಣ್ಣಿ' ಎಂದಳು. ಅವನಿಗೆ ಹಿಗ್ಗೋ ಹಿಗ್ಗು. ಮದುವೆಯಾದ ಮೇಲೆ ಬಂದ ಮೊದಲ ಪ್ರೀತಿಯ ಮಾತು ಅದೆಂದುಕೊಂಡು ದೊಡ್ಡ ತುತ್ತು ಬಾಯಿಗಿಟ್ಟ. ಹಲ್ಲು ಮುರಿಯಿತು.

ಬೇಕೆಂದೇ ಹೀಗೆ ಮಾಡಿದಳೆಂದು ಅವನು ಮುನಿದ. ಹೇಳಿದರೂ ತಿಳಿಯದ ಪೆದ್ದನೆಂದು ಅವಳು ಮುನಿದಳು. ತಿಂಗಳೊಪ್ಪತ್ತು ಮನೆಯಲ್ಲಿ ಮಾತಿಲ್ಲ. ಕಡೆಗೊಂದು ದಿನ ಅವಳು ಬಟ್ಟೆ ಗಂಟು ಕಟ್ಟಿಕೊಂಡು ಊರ ಹಿರಿಯರ ಮುಂದೆ ನಿಂತು, ಈ ಗಂಡನಿಂದ ಬಿಡುಗಡೆ ಕೊಡಿಸಿ ಎಂದಳು. ಅವನನ್ನೂ ಕರೆಸಿ ಕೂರಿಸಿದರು.

ಆ ಊರಿನಲ್ಲಿ ಒಂದು ಕಟ್ಟಳೆ. ಬಿಟ್ಟುಹೋಗುವವಳು ಎಲ್ಲರೆದುರು ಗಂಡನನ್ನು ಹೆಸರು ಹಿಡಿದು ಕರೆದು, 'ನೀನು ನನಗೆ ಬೇಡ' ಎನ್ನಬೇಕು. ಅಷ್ಟಾದರೆ ಮುಗಿಯಿತು. ಅವಳು ಸೆರಗು ಬಿಗಿದು, ಗಂಟಲು ಸರಿಮಾಡಿಕೊಂಡು, 'ಕಲ್ಲಪ್ಪಾ' ಎಂದು ಕರೆದಳು.

'ಓ' ಎಂದ ಅವನು.

ಯಾರು ಕರೆದರೂ ಓಗೊಡುವುದು ಅವನ ರೂಢಿ. ಕೂತವರೆಲ್ಲ ನಕ್ಕುಬಿಟ್ಟರು. ಅವಳು ನಗಲಿಲ್ಲ. ಅಷ್ಟು ದಿನ ಅವಳು ಒಮ್ಮೆಯೂ ಕರೆದಿರಲಿಲ್ಲ, ಅವನು ಓ ಎಂದಿರಲಿಲ್ಲ. ಅವನ ದನಿ ಇಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ನೋಡೋಣವೆಂದು ಇನ್ನೊಮ್ಮೆ ಕರೆದಳು. ಅವನು ತಲೆಯೆತ್ತಿ ಅವಳ ಮುಖ ನೋಡಿ ಇನ್ನೊಮ್ಮೆ ಓ ಎಂದ.

'ಮುಂದಿನ ಮಾತು ಹೇಳಮ್ಮ' ಎಂದರು ಹಿರಿಯರು.

'ಅದನ್ನು ಮನೆಯಲ್ಲಿ ಹೇಳುತ್ತೇನೆ' ಎಂದು ಅವಳು ಗಂಟನ್ನು ಗಂಡನ ಕೈಗೆ ಕೊಟ್ಟಳು.

ಮಾದಯ್ಯನಿಗೆ ಕುತೂಹಲ ತಡೆಯಲಾಗಲಿಲ್ಲ. "ಮನೆಗೆ ಹೋಗಿ ಏನು ಹೇಳಿದಳು ಗುರುಗಳೇ?"

ಗುರುಗಳೆಂದರು: "ಅದು ಅವರ ಮನೆಯ ಮಾತು. ಬಂದಾಗಿನಿಂದ ನೀನು 'ಅವಳು, ಅವಳು' ಎನ್ನುತ್ತಿದ್ದೀಯಲ್ಲ, ನಿನ್ನ ಹೆಂಡತಿಗೊಂದು ಹೆಸರಿಲ್ಲವೇನಪ್ಪ?"