ಆಯುಧಪೂಜೆಗೆ ಬಣ್ಣ ಬಳಿಸಿದ ಗಿಟಾರು

"ಮೇಷ್ಟ್ರೇ, ಕಲಿತದ್ದನ್ನೆಲ್ಲ ಮರೆತವನೇ ನಿಜವಾದ ಕಲಾವಿದ ಅಂತ ಹೇಳುತ್ತಾರೆ. ಹಾಗಾದರೆ ನಾನು ಯಾವಾಗಿನಿಂದ ಮರೆಯಲು ಶುರು ಮಾಡಲಿ?" ಎಂದು ತಿಪ್ಪೇಶ ಕೇಳಿದ.

ಹರಿಹರದಲ್ಲಿ ಗಿಟಾರು ಕಲಿಸುವ ಇನ್ನಾಸಪ್ಪ ಮೇಷ್ಟ್ರು ಕಾಫಿ ಲೋಟವನ್ನು ಕೆಳಗಿಟ್ಟರು. ತಿಪ್ಪೇಶ ಅವರ ಬಳಿ ಸೇರಿ ಎಂಟು ತಿಂಗಳಾಗಿತ್ತು.

"ಭೇಷ್! ಈ ಪ್ರಶ್ನೆ ಕೇಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತಪ್ಪ. ಕೂತುಕೋ, ಒಂದು ಕತೆ ಹೇಳುತ್ತೇನೆ," ಎಂದು ಮೇಷ್ಟ್ರು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಗಿಟಾರು ವಾದಕನಿದ್ದ. ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಅವನಿಗೊಬ್ಬ ಶಿಷ್ಯ. ಶಿಷ್ಯನಿಗೆ ಗುರುವೆಂದರೆ ಪ್ರಾಣ, ಗುರುವಿನ ಗಿಟಾರೆಂದರೆ ಮಾತ್ರ ನಾಚಿಕೆ.

ನಾಚಿಕೆಯಾಗದೆ ಏನು? ಕೊಂಡಾಗ ಹಾಲಿನಂತೆ ಬೆಳ್ಳಗಿದ್ದ ಎಲೆಕ್ಟ್ರಿಕ್ ಗಿಟಾರು ಅದು. ಹದಿನೆಂಟು ವರ್ಷದ ಬಿಸಿಲು, ಹೊಗೆ, ಬೆವರು ಕುಡಿದು ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಮೈತುಂಬ ಕೂದಲೆಳೆಯಂಥ ಬಿರುಕು. ಮುಂಗೈ ಊರುವ ಕಡೆ ಬಣ್ಣ ಹೋಗಿ ಮರವೇ ಕಾಣುತ್ತಿತ್ತು. ಬೆನ್ನ ಮೇಲೆಲ್ಲ ಬೆಲ್ಟಿನ ಬಕಲ್ ಎಳೆದ ಗೀರು. ತಂತಿಗಳನ್ನು ಹೊತ್ತ ಉದ್ದನೆಯ ಕತ್ತಿನ ಹಿಂಬದಿಯಲ್ಲಿ, ಹೆಬ್ಬೆರಳು ಓಡಾಡುವ ದಾರಿಯುದ್ದಕ್ಕೂ ಮೆರುಗೆಣ್ಣೆ ಸವೆದುಹೋಗಿತ್ತು.

ಮಹಾನವಮಿ ಹತ್ತಿರ ಬಂತು. "ತಂತಿ ಬದಲಿಸಿಡು," ಎಂದು ಗಿಟಾರನ್ನು ಶಿಷ್ಯನ ಕೈಗೆ ಕೊಟ್ಟು ಗುರು ಹೆಂಡತಿಯ ಊರಿಗೆ ಹೋದ. ಆಯುಧಪೂಜೆಯೆಂದರೆ ಗೊತ್ತಲ್ಲ! ಬಡಗಿ ಉಳಿ ಮಸೆಯುತ್ತಾನೆ, ಡ್ರೈವರು ಬಸ್ಸು ಉಜ್ಜಿ ತೊಳೆಯುತ್ತಾನೆ, ದರ್ಜಿ ಮಷೀನಿಗೆ ಎಣ್ಣೆ ಬಿಟ್ಟು ಒರೆಸುತ್ತಾನೆ. ಊರಿನ ಕಬ್ಬಿಣವೆಲ್ಲ ಮಿರಮಿರ ಮಿಂಚುವಾಗ ನನ್ನ ಗುರುವಿನ ಆಯುಧ ಮಾತ್ರ ಹೀಗೆ ಕೂರಬೇಕೇ ಎಂದು ಶಿಷ್ಯನಿಗೆ ಹೊಟ್ಟೆ ಉರಿಯಿತು. ಗಿಟಾರನ್ನು ಎತ್ತಿಕೊಂಡು ಕಾರಿಗೆ ಬಣ್ಣ ಹೊಡೆಯುವವನ ಶೆಡ್ಡಿಗೆ ಓಡಿದ.

ಬಣ್ಣದವನೂ ಕೈಯಲ್ಲಿ ಕಸುಬಿದ್ದವನೇ. ಉಪ್ಪುಕಾಗದ ಹಿಡಿದು ಉಜ್ಜಿದ, ಉಜ್ಜಿದ, ಹದಿನೆಂಟು ವರ್ಷವನ್ನು ಒಂದು ಮಧ್ಯಾಹ್ನದಲ್ಲಿ ಉಜ್ಜಿ ಮುಗಿಸಿದ. ಬಿರುಕಿಗೆ ಪುಟ್ಟಿ ತುಂಬಿದ. ಮೈಗೂ ಕತ್ತಿಗೂ ಮೂರು ಕೈ ಬಿಳಿ ಬಣ್ಣ, ಅದರ ಮೇಲೆ ಎರಡು ಕೈ ಮೆರುಗು. ಅಬ್ಬಾ, ಮುಖ ನೋಡಿಕೊಳ್ಳಬಹುದಿತ್ತು! ಶಿಷ್ಯ ಕುಣಿದಾಡಿಬಿಟ್ಟ.

ಪೂಜೆಯ ದಿನ ಗುರು ಊರಿಂದ ಬಂದ. ವಾದ್ಯಗಳೆಲ್ಲ ಕುಂಕುಮ ಇಟ್ಟುಕೊಂಡು, ಚೆಂಡುಹೂ ಮುಡಿದು ಸಾಲಾಗಿ ಕೂತಿದ್ದವು. "ನನ್ನದೆಲ್ಲಿ?" ಎಂದ. ಶಿಷ್ಯ ಹಲ್ಲು ಕಿರಿದು ತೋರಿಸಿದ. ಗುರುವಿನ ಕೈ ಮುಂದೆ ಹೋಯಿತು. ಸುತ್ತಲಿದ್ದವರು "ಹಾಂ ಹಾಂ, ಇವತ್ತು ಮುಟ್ಟಬಾರದು!" ಎಂದು ತಡೆದರು. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಗುರು ಒಂದು ಮಾತೂ ಆಡದೆ ಎದ್ದು ಹೋದ. ಗುರುವಿಗೆ ಸಂತೋಷದಿಂದ ಬಾಯಿ ಕಟ್ಟಿದೆ ಎಂದುಕೊಂಡ, ಆ ಪೆದ್ದ ಶಿಷ್ಯ.

ವಿಜಯದಶಮಿಯ ಸಂಜೆ ಊರಿನ ಮೈದಾನದಲ್ಲಿ ಕಾರ್ಯಕ್ರಮ. ಮಂಗಳಾರತಿಯಾಗಿ ಗಿಟಾರು ಕೈಗೆ ಬರುವ ಹೊತ್ತಿಗೆ ಜನ ಕಿಕ್ಕಿರಿದಿದ್ದರು. ಒಂದು ಹಾಡಿತ್ತು, ಅದರ ನಡುವೆ ಗುರು ಒಬ್ಬನೇ ಗಿಟಾರು ನುಡಿಸುವ ತುಣುಕೊಂದಿತ್ತು. ಅರ್ಧ ಜನ ಬರುತ್ತಿದ್ದುದೇ ಅದಕ್ಕೆ. ಗುರು ಗಿಟಾರಿನ ಕತ್ತಿನ ಮೇಲೆ ಕೈಯಾಡಿಸಿದ. ಹಸಿ ಬಣ್ಣ ಬೆವರಿಗೆ ಅಂಟಿತು.

"ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆಯಲ್ಲೋ! ನನ್ನ ಬೆರಳು ಎಲ್ಲಿದೆ ಅಂತ ಆ ಸವೆತವೇ ನನಗೆ ಹೇಳುತ್ತಿದ್ದದ್ದು. ಈಗ ಏನಂತ ನುಡಿಸಲಿ?"

ಶಿಷ್ಯ ತನ್ನ ಗಿಟಾರನ್ನು ಮುಂದೆ ಹಿಡಿದ. "ಅದೂ ನನಗೆ ಇಷ್ಟೇ ಹೊಸದು," ಎಂದು ಗುರು ಮೆಟ್ಟಿಲು ಹತ್ತಿದ.

ಮೊದಲ ಹಾಡಿನಲ್ಲಿ ಹೆಬ್ಬೆರಳು ಕಚ್ಚಿಕೊಂಡಿತು. ಎರಡನೆಯದರಲ್ಲಿ ಸ್ವರವೇ ತಪ್ಪಿತು. ಹಿಂದಿನ ಸಾಲಿನವರು ಕೇಕೆ ಹಾಕಿದರು. ಡ್ರಮ್ಮಿನವನು ಕಣ್ಣು ಕೆಂಪಗೆ ಮಾಡಿದ. ಹದಿನೆಂಟು ವರ್ಷದ ಮಾನ ನನ್ನಿಂದ ಹೋಗುತ್ತಿದೆಯಲ್ಲ ಎಂದು ಶಿಷ್ಯ ವೇದಿಕೆಯ ಪಕ್ಕದಲ್ಲಿ ನಿಂತು ಅಳುತ್ತಿದ್ದ.

ಆ ಹಾಡು ಬಂತು. ನಡುವಿನ ತುಣುಕು ಬಂತು. ಗುರುವಿನ ಕೈ ಎಂದಿನ ದಾರಿ ಹಿಡಿದು ಮೇಲೇರಲು ಹೋಯಿತು. ದಾರಿ ಎಲ್ಲಿದೆ? ಕೈ ಅರ್ಧದಲ್ಲೇ ನಿಂತಿತು. ಅಲ್ಲಿ ಅವನು ಎಂದೂ ನಿಂತವನಲ್ಲ. ನಿಂತ ಮೇಲೆ ಏನು ಮಾಡುತ್ತಾನೆ, ಅಲ್ಲಿಂದಲೇ ಶುರು ಮಾಡಿದ. ಒಂದು ಸ್ವರ ಹುಟ್ಟಿತು. ಅದರ ಕೈ ಹಿಡಿದು ಇನ್ನೊಂದು ಬಂತು. ಡ್ರಮ್ಮಿನವನು ಬೆರಗಾಗಿ ತಲೆಯೆತ್ತಿದ. ಮೈದಾನ ಗಪ್‌ಚುಪ್. ಆಮೇಲೆ ನೋಡಪ್ಪ, ಶಿಳ್ಳೆ! ಚಪ್ಪಾಳೆ! ಕೇಕೆ ಹಾಕಿದವರೇ ಕುರ್ಚಿಯ ಮೇಲೆ ಹತ್ತಿ ನಿಂತರು. ಗುರು ಹುಚ್ಚನ ಹಾಗೆ ನಗುತ್ತ ಎರಡು ಸುತ್ತು ನುಡಿಸಬೇಕಾದದ್ದನ್ನು ಆರು ಸುತ್ತು ನುಡಿಸಿದ. ಒಂದು ಸುತ್ತಿನಂತೆ ಇನ್ನೊಂದಿರಲಿಲ್ಲ.

ಕೆಳಗಿಳಿದು ಬಂದಾಗ ಶಿಷ್ಯ ಕಾಲಿಗೆ ಬಿದ್ದ. ಗುರು ಅವನ ರಟ್ಟೆ ಹಿಡಿದು ಎಬ್ಬಿಸಿದ. "ಲೋ, ಇಷ್ಟು ವರ್ಷ ಆ ತುಣುಕನ್ನು ನಾನೆಲ್ಲಿ ನುಡಿಸುತ್ತಿದ್ದೆ? ಆ ಸವೆದ ದಾರಿಯೇ ನುಡಿಸಿಬಿಡುತ್ತಿತ್ತು! ಇವತ್ತು ನಾನು ನುಡಿಸಿದೆ ಕಣೋ!" ಎಂದು ಅವನನ್ನು ಅಪ್ಪಿಕೊಂಡ.

ಮೇಷ್ಟ್ರು ಕತೆ ನಿಲ್ಲಿಸಿ ಲೋಟ ಎತ್ತಿಕೊಂಡರು. ತಿಪ್ಪೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ನಾನು ಹೇಳಿದ್ದೂ ಅದನ್ನೇ ಮೇಷ್ಟ್ರೇ! ಎಲ್ಲ ಅಳಿಸಿಬಿಡಬೇಕು! ಇವತ್ತಿಂದಲೇ ಅಳಿಸೋಣ!" ಎನ್ನುತ್ತ ತನ್ನ ಗಿಟಾರನ್ನು ಎತ್ತಿ ಮೇಷ್ಟ್ರ ಮುಂದೆ ಹಿಡಿದ. ಅಂಗಡಿಯವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಅದರ ಎದೆಯ ಮೇಲಿತ್ತು.

ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಳಿಸೋಣಂತೆ, ಎಲ್ಲಿ ಸವೆದಿದೆ ತೋರಿಸು."