ತೊಳೆಯದ ಸೋರೆಬುರುಡೆ

ಒಂದು ಕಾಡಿನಲ್ಲಿ ಒಂದು ನರಿಗೆ ಇಡೀ ಹೊಂಡದ ಬಿಯರ್ ಕುಡಿದು ಮುಗಿಸಬೇಕೆಂದು ಶಿಕ್ಷೆಯಾಯಿತು. ಯಾಕಿರಬಹುದು, ಹೇಳಿ ನೋಡೋಣ? ಕದ್ದಿತೆಂದೇ? ಅಲ್ಲ. ಕುಡಿದು ಗಲಾಟೆ ಮಾಡಿತೆಂದೇ? ಅದೂ ಅಲ್ಲ. ಅದೇ ಬಿಯರನ್ನು ಹೊಗಳಿತು, ಅದಕ್ಕೆ! ನಂಬಿಕೆ ಬರಲಿಲ್ಲವೇ? ಹಾಗಾದರೆ ಮೊದಲಿನಿಂದಲೇ ಕೇಳಿ.

ಆ ಕಾಡಿನ ಗುಡ್ಡದ ಮೇಲೆ ಒಂದು ಬಂಡೆ. ಬಂಡೆಯಲ್ಲಿ ಒರಳಿನಂಥ ಒಂದು ಗುಂಡಿ. ಅಲ್ಲಿ ಒಂದು ಕರಡಿ ಬಿಯರ್ ಮಾಡುತ್ತಿತ್ತು. ಎಲ್ಲರೂ ಅದನ್ನು ಕರಡಕ್ಕ ಎಂದೇ ಕರೆಯುತ್ತಿದ್ದರು. ಮೊಳಕೆ ಬರಿಸಿದ ಕಾಡುನವಣೆ, ಒಣಗಿಸಿದ ಹಿಪ್ಪೆ ಹೂವು, ಬುಗ್ಗೆಯ ನೀರು. ಇಷ್ಟೇ ಸಾಮಾನು. ಆದರೆ ಕರಡಕ್ಕನದೊಂದು ಪದ್ಧತಿ ಇತ್ತು. ಗುಂಡಿಯನ್ನು ಎಂದೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ, ತೊಳೆಯುತ್ತಲೂ ಇರಲಿಲ್ಲ. ತಳದಲ್ಲಿ ಒಂದು ಬೊಗಸೆ ಮಷ್ಟು ಉಳಿಸಿ ಅದರ ಮೇಲೆಯೇ ಹೊಸದನ್ನು ಸುರಿಯುತ್ತಿತ್ತು. ನಿಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆ. ಕರಡಕ್ಕನ ಅಜ್ಜಿಯ ಅಜ್ಜಿ ಇಟ್ಟ ಹೆಪ್ಪು ಅದು!

ಹೊತ್ತು ಇಳಿಯುತ್ತಲೇ ಪ್ರಾಣಿಗಳು ತಂತಮ್ಮ ಸೋರೆಬುರುಡೆ ಹಿಡಿದು ಗುಡ್ಡ ಹತ್ತುತ್ತಿದ್ದವು. ತಲೆಗೊಂದು ಬುರುಡೆ, ಅಷ್ಟೇ. ಸಿಗದವು ಗೊಣಗುತ್ತಿದ್ದವು. ಸಿಕ್ಕವು ಅಲ್ಲೇ ಕೂತು ಹಾಡುತ್ತಿದ್ದವು, ಜಗಳವಾಡುತ್ತಿದ್ದವು, ಇನ್ನೊಂದು ಗುಟುಕಿಗೆ ಜಗಳ ಮರೆಯುತ್ತಿದ್ದವು. ಸಾಲಿನಲ್ಲಿ ಯಾವಾಗಲೂ ಮೊದಲು ಕಾಡುಹಂದಿ. ಅದರ ಬುರುಡೆ ಒಂದು ದಿನವೂ ನೀರು ಕಂಡದ್ದಲ್ಲ. “ತೊಳೆದರೆ ನಿನ್ನೆಯ ರುಚಿ ಹೋಗಿಬಿಡ್ತದಲ್ಲ!” ಎನ್ನುತ್ತಿತ್ತು ಅದು.

ಒಂದು ಸಂಜೆ ನರಿ ಬಂತು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿತು.

“ಕರಡಕ್ಕಾ, ಇಂಥಾ ರುಚಿಯನ್ನು ಇಷ್ಟೇ ಇಷ್ಟು ಮಾಡ್ತೀಯಲ್ಲ, ಪಾಪ ಬರ್ತದೆ ನೋಡು.”

“ಗುಂಡಿ ಇರೋದೇ ಇಷ್ಟು, ನರಿಯಪ್ಪ.”

“ಕೆಳಗೆ ಅಷ್ಟು ದೊಡ್ಡ ಹೊಂಡ ಇದೆ! ಆಚೆ ಕಾಡಿನಲ್ಲಿ ನಿನ್ನ ತಂಗಿ ಮಕ್ಕಳು ನಿನ್ನ ಹೆಸರು ಮಾತ್ರ ಕೇಳಿದ್ದಾರೆ, ರುಚಿ ನೋಡಿಲ್ಲ. ನೀನು ಹೂಂ ಅನ್ನು ಸಾಕು. ಉಳಿದದ್ದು ನನಗೆ ಬಿಡು.”

ತಂಗಿ ಮಕ್ಕಳ ಹೆಸರು ಕೇಳಿ ಕರಡಕ್ಕನ ಮನಸ್ಸು ಕರಗಿತು. ಹೂಂ ಎಂದಿತು.

ಗುಂಡಿಯ ಮಷ್ಟಿನಲ್ಲಿ ಅರ್ಧ ತೆಗೆದು ಹೊಂಡಕ್ಕೆ ಹಾಕಿದರು. ಮೊದಲ ಸಲ ಚೆನ್ನಾಗಿಯೇ ಬಂತು. ಆಮೇಲೆ ಬೇಡಿಕೆ ಏರಿತು. ಹಿಪ್ಪೆ ಹೂವು ಸಾಲದೆ ಬಂತು. “ಮುತ್ತುಗದ ಹೂವು ಹಾಕೋಣ, ಬಣ್ಣವಾದರೂ ಬರ್ತದೆ” ಎಂದಿತು ನರಿ. ನವಣೆ ಸಾಲದೆ ಬಂತು. “ನೀರು ಧಾರಾಳವಾಗಿದೆಯಲ್ಲ!” ಎಂದಿತು. ಹುಳಿಯಲು ಪುರಸೊತ್ತೂ ಇಲ್ಲವಾಯಿತು. “ಕುಡಿದವರ ಹೊಟ್ಟೆಯಲ್ಲೇ ಹುಳೀಲಿ ಬಿಡಕ್ಕಾ!” ಎಂದಿತು. ಪ್ರತಿ ಸಲವೂ ಕರಡಕ್ಕ ಬೆರಳು ಅದ್ದಿ ನೆಕ್ಕುತ್ತಿತ್ತು. “ಪರವಾಗಿಲ್ಲ” ಎನ್ನುತ್ತಿತ್ತು. ನಿನ್ನೆಯದಕ್ಕೆ ಹೋಲಿಸಿದರೆ ಇವತ್ತಿನದು ಯಾವತ್ತೂ ಪರವಾಗಿಲ್ಲವೇ ತಾನೇ?

ಕಾಡಿಗೆ ಕಾಡೇ ಹೊಗಳಿತು. “ಈಗ ಎಷ್ಟು ಹಗುರವಾಗಿದೆ! ಮಕ್ಕಳಿಗೂ ಕೊಡಬಹುದು” ಎಂದಿತು ಮೊಲ. ಬಂದವರೆಲ್ಲ ಹೊಗಳುತ್ತಿದ್ದರು, ಬುರುಡೆ ತುಂಬಿಸಿಕೊಂಡು ಸರಸರ ಹೋಗುತ್ತಿದ್ದರು. ಕೂತು ಹಾಡುವವರು ಒಬ್ಬರೂ ಇಲ್ಲ.

ಕಾಡುಹಂದಿ ಮಾತ್ರ ಒಂದು ಗುಟುಕು ಕುಡಿದು ಉಗುಳಿತು. “ಅಕ್ಕಾ, ನೀರು ಚೆನ್ನಾಗಿದೆ. ಬಿಯರ್ ಯಾವಾಗ ಕೊಡ್ತೀ?”

ನರಿಗೆ ಉರಿದುಹೋಯಿತು. “ಏಯ್ ಕೆಸರಪ್ಪ! ಆ ಗಲೀಜು ಬುರುಡೆ ಹಿಡಿದು ಈ ಕಡೆ ಕಾಲಿಟ್ಟೆಯೋ, ನೋಡು! ನಾವೀಗ ಮರ್ಯಾದಸ್ಥರು.”

ಕಾಡುಹಂದಿ ಬುರುಡೆ ಕಂಕುಳಲ್ಲಿ ಇಟ್ಟುಕೊಂಡು ತನ್ನ ಕೆಸರಿಗೆ ಹೋಯಿತು. ಕರಡಕ್ಕ ಬೇರೆ ಕಡೆ ನೋಡುತ್ತಿತ್ತು.

ಅಷ್ಟರಲ್ಲಿ ಹುಲಿರಾಯನ ಮರಿಗಳ ನಾಮಕರಣ ಗೊತ್ತಾಯಿತು. ಊಟಕ್ಕೆ ಕರಡಕ್ಕನ ಬಿಯರೇ ಆಗಬೇಕೆಂದು ಅಪ್ಪಣೆ. ನರಿ ಹಿಗ್ಗಿತು. ದೊರೆ ಬಂದಾಗ ತೋರಿಸಲು ಹಳೆಯ ಗುಂಡಿಯನ್ನು ಮರಳು ಹಾಕಿ ಕೋತಿಗಳಿಂದ ಉಜ್ಜಿಸಿತು. ಸುತ್ತ ಹೂಮಾಲೆ ಹಾಕಿಸಿತು. ಹೂವು ಆರಿಸಲು ಹೋಗಿದ್ದ ಕರಡಕ್ಕ ಬಂದು ನೋಡಿತು.

“ತಳದ ಮಷ್ಟು ಎಲ್ಲಿ?”

“ಅಯ್ಯೋ, ಗಬ್ಬುವಾಸನೆ ಅಕ್ಕ! ಕನ್ನಡಿ ಥರ ಹೊಳೀತಿದೆ ನೋಡೀಗ. ನಿನ್ನ ಮುಖ ಕಾಣ್ತದೆ!”

ಕರಡಕ್ಕ ಬಗ್ಗಿ ನೋಡಿತು. ಮುಖ ಕಂಡಿತು. ಉಗುರಿನಿಂದ ತಳ ಕೆರೆಯಿತು, ಚೂರೂ ಸಿಗಲಿಲ್ಲ. ಹೊಂಡದ ಹೆಪ್ಪು ನೀರಿನ ಮೇಲೆ ನೀರು ಸೇರಿ ಎಂದೋ ಸತ್ತಿತ್ತು. ಈಗ ಇದೂ ಹೋಯಿತು.

ನಾಮಕರಣದ ದಿನ ಹುಲಿರಾಯ ಒಂದು ಬುರುಡೆ ಎತ್ತಿ ಕುಡಿಯಿತು. ಮುಖ ಸೊಟ್ಟಗಾಯಿತು.

“ಏನಿದು?”

“ಸುಧಾರಿಸಿದ ರುಚಿ, ದೊರೆ! ಕಾಡೆಲ್ಲ ಮೆಚ್ಚಿದೆ.”

“ಕರಡಕ್ಕ, ನೀನು ಹೇಳು.”

ಕರಡಕ್ಕ ತಲೆ ತಗ್ಗಿಸಿತು. “ಬುದ್ಧೀ, ಇದನ್ನು ನಾನೇ ಕುಡಿಯೋದಿಲ್ಲ.”

“ನರಿಯಪ್ಪ, ನಿನಗೆ ಇದು ಇಷ್ಟವೋ?”

“ಇಷ್ಟ ಅಂತ ಕೇಳ್ತೀರಾ ದೊರೆ, ಪ್ರಾಣ!”

“ಹಾಗಾದರೆ ಸರಿ. ಬೇರೆಯವರ ಬಾಯಿಗೆ ಯಾಕೆ? ಹೊಂಡ ಬರಿದಾಗುವ ತನಕ ನೀನೇ ಕುಡಿ. ಅಲ್ಲಿಂದ ಕದಲಬೇಡ.” ಕಾವಲಿಗೆ ತನ್ನ ಭಾವಮೈದುನ ಚಿರತೆಯನ್ನು ಕೂರಿಸಿತು. ಮತ್ತೆ ಕರಡಕ್ಕನ ಕಡೆ ತಿರುಗಿತು. “ಮಳೆ ಹಿಡಿಯುವುದರೊಳಗೆ ಹಳೆಯ ರುಚಿ ತಾ. ಇಲ್ಲವಾದರೆ ಆ ಬಂಡೆ ನನ್ನ ಮರಿಗಳಿಗೆ ಆಡೋದಕ್ಕೆ ಬೇಕು.”

ಬಂಡೆ ಹೋದರೆ ಕರಡಕ್ಕನಿಗೆ ಉಳಿಯುವುದೇನು? ಹೆಪ್ಪಿಲ್ಲದೆ ಹಾಲು ಮೊಸರಾಗುತ್ತದೆಯೇ? ಯೋಚಿಸಿ ಯೋಚಿಸಿ ತಲೆ ಕೆಟ್ಟು, ಕೊನೆಗೆ ತಟ್ಟನೆ ಎದ್ದು ಕೆಸರಿನ ಕಡೆ ಓಡಿತು.

“ಹಂದಿಯಣ್ಣ, ನಿನ್ನ ಬುರುಡೆ ಇದೆಯಾ?”

“ಇದೆ. ಯಾಕೆ, ಒಡೆದು ಹಾಕೋಕೆ ಬಂದೆಯಾ? ಗಲೀಜಂತಲ್ಲ ಅದು!”

“ಗಲೀಜೇ ತಾನೇ? ತೊಳೆದಿಲ್ಲ ತಾನೇ?”

“ನನ್ನ ಮೇಲಾಣೆ, ತೊಳೆದಿಲ್ಲ!”

“ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ” ಎಂದು ಕರಡಕ್ಕ ಆ ಕೆಸರಿನಲ್ಲೇ ಅದನ್ನು ತಬ್ಬಿಕೊಂಡಿತು. “ಅವತ್ತು ನಾನು ಬೇರೆ ಕಡೆ ನೋಡಬಾರದಿತ್ತು.”

“ನೋಡಿದೆಯಲ್ಲ, ಏನು ಕಂಡಿತು?” ಎಂದು ಕುಟುಕಿತು ಹಂದಿ. ಆದರೂ ಬುರುಡೆ ಕೊಟ್ಟಿತು.

ಬುರುಡೆಯೊಳಗೆ ಹಳೆಯ ಮಷ್ಟು ದಪ್ಪಗೆ ಕರೆ ಕಟ್ಟಿತ್ತು. ಕರಡಕ್ಕ ಅದಕ್ಕೆ ಉಗುರುಬೆಚ್ಚಗಿನ ನವಣೆ ಗಂಜಿ ಸುರಿದು ಬಿಸಿಲಿಗೆ ಇಟ್ಟು ಕಾಯುತ್ತ ಕೂತಿತು. ಕೊನೆಗೊಮ್ಮೆ ಬುಳಕ್ ಎಂದು ಒಂದು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಅದನ್ನೇ ಒಯ್ದು ಹಳೆಯ ಗುಂಡಿಗೆ ಹಾಕಿತು. ಗುಂಡಿ ಮತ್ತೆ ನೊರೆ ಉಕ್ಕಿಸಿತು. ಹುಲಿರಾಯ ಕುಡಿದು ಮೀಸೆ ನೆಕ್ಕಿಕೊಂಡು, ಬಂಡೆಯ ಮಾತೇ ಎತ್ತದೆ, ಅಲ್ಲೇ ಕೂತು ಒಂದು ಹಾಡು ಹೇಳಿತು. ಕೇಳಲಾಗುತ್ತಿರಲಿಲ್ಲ, ಆದರೂ ಎಲ್ಲರೂ ಕೇಳಿದರು.

ಈಗ ಸಾಲಿನಲ್ಲಿ ಮತ್ತೆ ಹಂದಿಯೇ ಮೊದಲು. ರುಚಿಯಲ್ಲಿ ಒಂದು ಚೂರು ಕೆಸರಿನ ವಾಸನೆ ಸೇರಿಕೊಂಡಿದೆ ಎನ್ನುತ್ತಾರೆ. ಅದೇ ಇದರ ವಿಶೇಷ ಎಂದು ಈಗ ಬಲ್ಲವರ ಮಾತು. ಮೊಲ ಮಾತ್ರ, “ಆ ಹೊಂಡದ್ದೇ ಚೆನ್ನಾಗಿತ್ತಪ್ಪ” ಎನ್ನುತ್ತಿರುತ್ತದೆ.

ಮತ್ತೆ ನರಿ? ಕುಡಿದು ಕುಡಿದು ಹೊಟ್ಟೆ ನಗಾರಿಯಾದ ಮೇಲೆ ಕೊನೆಗೂ ಹೊಂಡದ ತಳ ಕಂಡಿತು. “ಮುಗೀತು ಚಿರತೆಯಣ್ಣ!” ಎಂದು ತೂರಾಡುತ್ತ ಎದ್ದು ನಿಂತಿತು. ಅಷ್ಟರಲ್ಲಿ ಟಪ್ ಎಂದು ಮೂಗಿನ ಮೇಲೆ ಒಂದು ಹನಿ ಬಿತ್ತು. ಚಿರತೆ ಆಕಾಶ ನೋಡಿತು, ಹೊಂಡ ನೋಡಿತು, “ಕೂತ್ಕೋ” ಎಂದಿತು.

ನೀತಿ: ಎಲ್ಲರಿಗೂ ಸಾಕಾಗುವಷ್ಟು ಮಾಡಲು ಹೋಗಿ ರುಚಿಯ ಮೂಲವನ್ನೇ ತೊಳೆದುಕೊಂಡರೆ, ಹಂಚಲು ಉಳಿಯುವುದು ಬರೀ ನೀರು; ಆ ನೀರನ್ನು ಕೊನೆಗೆ ಹೊಗಳಿದವನೇ ಕುಡಿಯಬೇಕು.

ಆ ಹನಿ ಬಿದ್ದದ್ದು ಯಾವತ್ತು ಎಂದಿರಾ? ರೋಹಿಣಿ ಮಳೆ ಹುಟ್ಟಿದ ದಿನ, ಮೇ ಇಪ್ಪತ್ತೈದು, ಸೋಮವಾರ.